ಕೈಕೆಲಸಕ್ಕೆ ಶಾಲೆಯಲ್ಲಿ ಜಾಗ ಕೊಟ್ಟ ಡಾ. ಜಾಕಿರ್ ಹುಸೇನ್

ನಮ್ಮ ಕಾಲೇಜಿನ ಗ್ರಂಥಾಲಯದ ಗೋಡೆಯ ಮೇಲೆ ರಾಷ್ಟ್ರಪತಿಗಳ ಚಿತ್ರಗಳು ಸಾಲಾಗಿವೆ. ಮೂರನೆಯದು ಡಾ. ಜಾಕಿರ್ ಹುಸೇನರದು. ಬಿಳಿ ಗಡ್ಡ, ಕನ್ನಡಕ, ಶೇರ್ವಾನಿ. ಪ್ರಥಮ ಪಿಯುಸಿ ಇಡೀ ವರ್ಷ ಆ ಚಿತ್ರದ ಕೆಳಗಿನ ಬೆಂಚಿನಲ್ಲಿ ಕುಳಿತು ಲೆಕ್ಕಶಾಸ್ತ್ರದ ಲೆಕ್ಕ ಬಿಡಿಸಿದ್ದೇನೆ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಾಲು: ಭಾರತದ ಮೂರನೆಯ ರಾಷ್ಟ್ರಪತಿ, ಆ ಹುದ್ದೆಗೇರಿದ ಮೊದಲ ಮುಸ್ಲಿಂ. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಈ ಸಲ ವಾರ್ತಾಪತ್ರಕ್ಕೆ ಒಬ್ಬೊಬ್ಬರು ಒಬ್ಬ ಹಿರಿಯರ ಜೀವನ ಬರೆದುಕೊಡಿ ಎಂದು ಕನ್ನಡ ಸರ್ ಹೇಳಿದಾಗ, ತಲೆಯ ಮೇಲೆ ತೂಗುತ್ತಿದ್ದವರನ್ನೇ ಆರಿಸಿಕೊಂಡೆ. ನಿಜ ಹೇಳಬೇಕೆಂದರೆ, ಬೇಗ ಮುಗಿಯುತ್ತದೆ ಎಂಬ ಆಸೆಯಿಂದ. ಮುಗಿಯಲು ಒಂದೂವರೆ ತಿಂಗಳಾಯಿತು. ಅವರ ಜೀವನ ಓದುತ್ತಾ ಹೋದಂತೆ ಅದು ನಮ್ಮ ಮನೆಯ ಹಿತ್ತಲಿನ ಶೆಡ್ಡಿಗೆ ಬಂದು ನಿಂತಿತು. ಅದು ಹೇಗೆಂದು ಮೊದಲು ಹೇಳುತ್ತೇನೆ.

ನಮ್ಮೂರು ಚನ್ನಪಟ್ಟಣ. ಅಬ್ಬಾ ಬಣ್ಣದ ಬೊಂಬೆ ಮಾಡುತ್ತಾರೆ. ಲೇತಿನಲ್ಲಿ ಹಾಲೆ ಮರದ ತುಂಡು ತಿರುಗುತ್ತಿರುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿಯಲ್ಲಿ ಒರೆಸಿದರೆ ಕನ್ನಡಿಯಂಥ ಹೊಳಪು. ದಾದಾ ಮಾಡುತ್ತಿದ್ದದ್ದೂ ಇದೇ ಕೆಲಸ. ಆದರೆ ನಾನು ಆ ಶೆಡ್ಡಿನಲ್ಲಿ ಐದು ನಿಮಿಷ ನಿಂತರೆ ಸಾಕು, ಹೋಗಿ ಓದಿಕೋ ಎಂದು ಅಬ್ಬಾ ಒಳಗೆ ಕಳಿಸುತ್ತಾರೆ. ಚಾಚಾನ ಮಗ ಎಂಟನೇ ತರಗತಿಗೆ ಶಾಲೆ ಬಿಟ್ಟು ಲೇತಿನ ಮುಂದೆ ಕುಳಿತ. ನನಗಿಂತ ಒಂದು ವರ್ಷ ದೊಡ್ಡವನು. ಅವನ ಕೈ ಬಹಳ ಚುರುಕು. ಆದರೆ ವ್ಯಾಪಾರಿ ಕೊಟ್ಟ ಬಿಲ್ಲನ್ನು ನನ್ನ ಹತ್ತಿರ ತಂದು ಓದಿಸುತ್ತಾನೆ. ನಾನು ಬಿಲ್ಲು ಓದಬಲ್ಲೆ, ಒಂದು ಬುಗುರಿ ಮಾಡಲಾರೆ. ಒಂದೇ ಮನೆಯಲ್ಲಿ ಓದು ಒಬ್ಬನ ಪಾಲಿಗೆ, ಕೈಕೆಲಸ ಇನ್ನೊಬ್ಬನ ಪಾಲಿಗೆ ಬಂತು. ಇದನ್ನು ನಾವು ಯಾರೂ ತಪ್ಪೆಂದು ತಿಳಿದಿರಲಿಲ್ಲ.

ಇನ್ನು ಜಾಕಿರ್ ಸಾಹೇಬರ ವಿಷಯಕ್ಕೆ ಬರುತ್ತೇನೆ.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಮನೆತನ ಉತ್ತರ ಪ್ರದೇಶದ ಕಾಯಮ್‌ಗಂಜ್‌ನ ಪಠಾಣರದು. ತಂದೆ ಫಿದಾ ಹುಸೇನ್ ಖಾನ್ ಹೈದರಾಬಾದಿನಲ್ಲಿ ವಕೀಲರಾಗಿ ಹೆಸರು ಮಾಡಿದ್ದರು. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ್ದವು. ಏಳು ಗಂಡುಮಕ್ಕಳಲ್ಲಿ ಜಾಕಿರ್ ಮೂರನೆಯವರು. ಅವರಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಕುಟುಂಬ ಕಾಯಮ್‌ಗಂಜ್‌ಗೆ ಹಿಂತಿರುಗಿತು. ಹುಡುಗನನ್ನು ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ಹಾಸ್ಟೆಲಿಗೆ ಸೇರಿಸಿದರು. 1911ರಲ್ಲಿ ಪ್ಲೇಗು ಬಂದು ತಾಯಿಯನ್ನೂ ಕೊಂಡೊಯ್ದಿತು. ಹದಿನಾಲ್ಕು ವರ್ಷಕ್ಕೆ ತಂದೆ ತಾಯಿ ಇಬ್ಬರೂ ಇಲ್ಲದ ಹುಡುಗ.

ಮುಂದೆ ಅಲಿಗಢದ ಕಾಲೇಜು. ಮೊದಲು ಡಾಕ್ಟರಾಗುವ ಆಸೆಯಿತ್ತು, ಆದರೆ ಕೊನೆಗೆ ಓದಿದ್ದು ಅರ್ಥಶಾಸ್ತ್ರ. ಇಲ್ಲಿ ನಮ್ಮ ವಾಣಿಜ್ಯ ವಿಭಾಗದವರು ಸ್ವಲ್ಪ ಎದೆಯುಬ್ಬಿಸಬಹುದು. 1920ರಲ್ಲಿ ಅವರು ಅಲ್ಲಿ ಎಂ.ಎ. ಓದುತ್ತಲೇ ಪಾಠವನ್ನೂ ಹೇಳುತ್ತಿದ್ದರು. ಮಾತುಗಾರ, ಜಾಣ, ಒಳ್ಳೆಯ ಸರ್ಕಾರಿ ಕೆಲಸ ಸಿಗುವುದು ಖಚಿತ ಎಂದು ಎಲ್ಲರೂ ತಿಳಿದಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದರು. ಬ್ರಿಟಿಷ್ ಸರ್ಕಾರದ ಹಣದಿಂದ ನಡೆಯುವ ಕಾಲೇಜು ಬಿಟ್ಟು ಬನ್ನಿ ಎಂದು ವಿದ್ಯಾರ್ಥಿಗಳನ್ನು ಕರೆದರು. ಜಾಕಿರ್ ಬಿಟ್ಟರು. ಆದರೆ ಬಿಟ್ಟವರು ಓದುವುದೆಲ್ಲಿ? ಅದಕ್ಕಾಗಿ ಹೊಸ ವಿದ್ಯಾಸಂಸ್ಥೆ ಬೇಕೆಂದು ಹಿರಿಯರ ಬೆನ್ನುಹತ್ತಿದವರಲ್ಲಿ ಅವರೂ ಒಬ್ಬರು. 1920ರ ಅಕ್ಟೋಬರ್ 29ರಂದು ಅಲಿಗಢದಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಶುರುವಾಯಿತು. ಆಗ ಅವರ ವಯಸ್ಸು 23.

1922ರಲ್ಲಿ ಹೆಚ್ಚಿನ ಓದಿಗಾಗಿ ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟ್ ಅವರ ಕೈಕೆಳಗೆ, ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಆದರೆ ನನಗೆ ಆ ಡಿಗ್ರಿಗಿಂತ ಹೆಚ್ಚು ಹಿಡಿಸಿದ್ದು ಅವರು ಅಲ್ಲಿ ಮಾಡಿದ ಇನ್ನೊಂದು ಕೆಲಸ. ಬರ್ಲಿನಿನ ಕಾವಿಯಾನಿ ಎಂಬ ಮುದ್ರಣಾಲಯದಲ್ಲಿ ಮಿರ್ಜಾ ಗಾಲಿಬರ ದೀವಾನನ್ನು ಚೆಂದವಾಗಿ, ಜೇಬಿನಲ್ಲಿಟ್ಟುಕೊಳ್ಳುವ ಅಳತೆಯಲ್ಲಿ ಅಚ್ಚು ಹಾಕಿಸಬೇಕೆಂದು ಅವರಿಗೆ ಆಸೆಯಾಯಿತು. ಅದಕ್ಕಾಗಿ ತಾವೇ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತು, ಪುಟಗಳನ್ನು ಕೈಯಾರೆ ಜೋಡಿಸಿದರು. ಪಿಎಚ್.ಡಿ. ಮಾಡುತ್ತಿದ್ದ ಮನುಷ್ಯ ಬೆರಳಿಗೆ ಮಸಿ ಮೆತ್ತಿಕೊಂಡು ಒಂದೊಂದು ಅಕ್ಷರದ ಮೊಳೆ ಹುಡುಕುತ್ತಾ ನಿಂತಿದ್ದನ್ನು ಊಹಿಸಿಕೊಳ್ಳಿ. ಓದಿದವರು ಕೈಕೆಲಸ ಮಾಡಬಾರದು ಎಂಬ ಅಹಂಕಾರ ಅವರಲ್ಲಿ ಇರಲಿಲ್ಲ. ಹೂವು, ಕಲ್ಲು, ಸುಂದರ ಬರವಣಿಗೆ, ಒಳ್ಳೆಯ ಬೈಂಡಿಂಗ್ ಎಲ್ಲದರಲ್ಲೂ ಕೊನೆಯವರೆಗೆ ಅವರಿಗೆ ಪ್ರೀತಿಯಿತ್ತು.

ಜರ್ಮನಿಯಲ್ಲೇ ಅವರು ಇನ್ನೊಬ್ಬರ ವಿಚಾರಗಳನ್ನು ಓದಿದರು. ಅವರ ಹೆಸರು ಗೇಯಾರ್ಗ್ ಕೆರ್ಶೆನ್‌ಸ್ಟೈನರ್. ಮ್ಯೂನಿಕ್ ನಗರದ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಈ ಶಿಕ್ಷಣತಜ್ಞರು, ಬರೀ ಪುಸ್ತಕದ ಶಾಲೆ ಸಾಲದು, ಕೆಲಸದ ಶಾಲೆ ಬೇಕು ಎಂದವರು. ಮರದಲ್ಲಿ, ಲೋಹದಲ್ಲಿ ಒಂದು ವಸ್ತುವನ್ನು ಸರಿಯಾಗಿ ಮಾಡಲು ಕಲಿತ ಮಗು ಅದರ ಜೊತೆಗೆ ಪ್ರಾಮಾಣಿಕತೆಯನ್ನೂ ಕಲಿಯುತ್ತದೆ, ಏಕೆಂದರೆ ಕೆಲಸ ಕೆಟ್ಟರೆ ಅದು ಕಣ್ಣಿಗೇ ಕಾಣುತ್ತದೆ ಎಂಬುದು ಅವರ ವಿಚಾರದ ಸಾರ. ಇದು ಜಾಕಿರ್ ಸಾಹೇಬರ ಮನಸ್ಸಿನಲ್ಲಿ ಉಳಿಯಿತು.

ಆ ಹೊತ್ತಿಗೆ ಜಾಮಿಯಾದ ಸ್ಥಿತಿ ಕೆಟ್ಟಿತ್ತು. ಹಣವಿಲ್ಲ, ಮುಚ್ಚಿಬಿಡೋಣ ಎಂಬ ಮಾತು ನಡೆದಿತ್ತು. ಬರ್ಲಿನಿನಲ್ಲಿದ್ದ ಮೂವರು ಗೆಳೆಯರು, ಜಾಕಿರ್ ಹುಸೇನ್, ಆಬಿದ್ ಹುಸೇನ್, ಮೊಹಮ್ಮದ್ ಮುಜೀಬ್, ನಾವು ಬಂದು ದುಡಿಯುತ್ತೇವೆ, ಮುಚ್ಚಬೇಡಿ ಎಂದು ಹೇಳಿ ಕಳಿಸಿದರು. 1925ರಲ್ಲಿ ಹಕೀಮ್ ಅಜ್ಮಲ್ ಖಾನರು ಸಂಸ್ಥೆಯನ್ನು ದೆಹಲಿಯ ಕರೋಲ್‌ಬಾಗಿಗೆ ತಂದರು. 1926ರಲ್ಲಿ ಮೂವರೂ ಹಿಂತಿರುಗಿದರು. 29 ವರ್ಷದ ಜಾಕಿರ್ ಸಾಹೇಬರು ಕುಲಪತಿಯಾದರು. 1927ರ ಕೊನೆಯಲ್ಲಿ ಹಕೀಮ್ ಸಾಹೇಬರೂ ತೀರಿಕೊಂಡಾಗ ಇದ್ದ ಆಸರೆಯೂ ಹೋಯಿತು. ಮರುವರ್ಷ ಅಧ್ಯಾಪಕರೆಲ್ಲ ಸೇರಿ ಒಂದು ಪ್ರತಿಜ್ಞೆ ಮಾಡಿದರು. 20 ವರ್ಷ ಈ ಸಂಸ್ಥೆ ಬಿಡುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ. ಜಾಕಿರ್ ಸಾಹೇಬರು ತೆಗೆದುಕೊಳ್ಳುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ. ಅದೂ ಎಷ್ಟೋ ತಿಂಗಳು ಪೂರ್ತಿ ಕೈಗೆ ಬರುತ್ತಿರಲಿಲ್ಲ. ಬರ್ಲಿನಿನ ಡಾಕ್ಟರೇಟ್ ಇಟ್ಟುಕೊಂಡು ಬೇರೆಲ್ಲಿ ಹೋಗಿದ್ದರೂ ಎಷ್ಟೋ ಪಟ್ಟು ಸಿಗುತ್ತಿತ್ತು. ಮನೆ ನಡೆಸಿದ ಕಷ್ಟ ಅವರ ಪತ್ನಿ ಶಾಹ್‌ಜಹಾನ್ ಬೇಗಂ ಅವರದು. ಜೀವನಚರಿತ್ರೆಗಳಲ್ಲಿ ಅವರಿಗೆ ಸಿಗುವುದು ಕೆಲವೇ ಸಾಲು, ಆದ್ದರಿಂದ ಇಲ್ಲಿ ಹೆಸರು ಹೇಳುತ್ತಿದ್ದೇನೆ.

ಜಾಮಿಯಾದ ಪ್ರಾಥಮಿಕ ಶಾಲೆಯ ಬಗ್ಗೆ ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ಅಬ್ದುಲ್ ಗಫ್ಫಾರ್ ಮುಧೋಳಿ ಎಂಬ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಅಲ್ಲಿ ಮಕ್ಕಳೇ ನಡೆಸುವ ಬ್ಯಾಂಕಿತ್ತು, ಮಕ್ಕಳೇ ನಡೆಸುವ ಅಂಗಡಿಯಿತ್ತು. ಪಾಸ್‌ಬುಕ್ ಬರೆಯುವುದು, ಸರಕು ತರುವುದು, ಲಾಭ ನಷ್ಟ ನೋಡುವುದು ಎಲ್ಲ ಮಕ್ಕಳ ಕೆಲಸ. ನಾವು ದ್ವಿತೀಯ ಪಿಯುಸಿಯಲ್ಲಿ ಕಾಗದದ ಮೇಲೆ ಕಾಲ್ಪನಿಕ ಕಂಪನಿಗೆ ಮಾಡುವ ಲೆಕ್ಕವನ್ನು ಅವರು ಚಿಕ್ಕವರಿದ್ದಾಗಲೇ ನಿಜವಾದ ಕಾಸಿನಲ್ಲಿ ಮಾಡುತ್ತಿದ್ದರು. ಬರ್ಲಿನಿನಲ್ಲಿ ಪರಿಚಯವಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಜಾಮಿಯಾಕ್ಕೆ ಬಂದು ಪುಟ್ಟ ಮಕ್ಕಳನ್ನು ನೋಡಿಕೊಂಡರು. 1943ರಲ್ಲಿ ತೀರಿಕೊಂಡ ಅವರ ಸಮಾಧಿ ಜಾಮಿಯಾದ ಖಬರಸ್ತಾನದಲ್ಲೇ ಇದೆ. 1935ರಲ್ಲಿ ಓಖ್ಲಾದಲ್ಲಿ ಜಾಮಿಯಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದಾಗ, ಹಾಕಿದ್ದು ಯಾವ ನವಾಬರೂ ಅಲ್ಲ, ಮಂತ್ರಿಯೂ ಅಲ್ಲ. ಶಾಲೆಯ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿ.

ಜಾಕಿರ್ ಸಾಹೇಬರು ಮಕ್ಕಳಿಗಾಗಿ ಕಥೆಗಳನ್ನೂ ಬರೆದರು. ಅಬ್ಬೂ ಖಾನನ ಮೇಕೆಯ ಕಥೆಯನ್ನು ಅಮ್ಮಿ ನನಗೆ ಉರ್ದುವಿನಲ್ಲಿ ಎಷ್ಟೋ ಸಲ ಹೇಳಿದ್ದಾರೆ. ಕೊಟ್ಟಿಗೆಯ ಹಗ್ಗಕ್ಕಿಂತ ಬೆಟ್ಟದ ಸ್ವಾತಂತ್ರ್ಯವೇ ಬೇಕೆಂದು ಓಡಿಹೋಗಿ, ರಾತ್ರಿಯಿಡೀ ತೋಳದ ಜೊತೆ ಕಾದಾಡಿದ ಚಾಂದನಿ ಎಂಬ ಮೇಕೆ ಅದರಲ್ಲಿದೆ. ಅದನ್ನು ಬರೆದವರು ರಾಷ್ಟ್ರಪತಿಯಾಗಿದ್ದವರು ಎಂದು ಅಮ್ಮಿಗೂ ಗೊತ್ತಿರಲಿಲ್ಲ. ಗೊತ್ತಾಗದಿದ್ದದ್ದು ಸಹಜ. ಆ ಕಥೆಯನ್ನು ಅವರು ಮಗಳು ರುಕಯ್ಯಾ ರೇಹಾನಾ ಹೆಸರಿನಲ್ಲಿ ಪ್ರಕಟಿಸಿದ್ದರು. ಆ ಮಗಳು ಬಹಳ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಆ ಸುದ್ದಿ ಬಂದಾಗ ಅವರು ಶಾಲೆಯ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರಂತೆ. ಮಕ್ಕಳ ಸಂತೋಷ ಕೆಡಬಾರದೆಂದು ಹಂಚಿ ಮುಗಿಸಿಯೇ ಎದ್ದರಂತೆ.

ಇನ್ನು ವಾರ್ಧಾ. ನನ್ನನ್ನು ಒಂದೂವರೆ ತಿಂಗಳು ಹಿಡಿದಿಟ್ಟ ಭಾಗ ಇದು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಶಿಕ್ಷಣ ಸಮ್ಮೇಳನ ನಡೆಯಿತು. ಮಕ್ಕಳಿಗೆ ಪಾಠವನ್ನು ಒಂದು ಕೈಕಸುಬಿನ ಮೂಲಕವೇ ಕಲಿಸಬೇಕು, ಮಕ್ಕಳು ತಯಾರಿಸಿದ ವಸ್ತುಗಳನ್ನು ಮಾರಿ ಉಪಾಧ್ಯಾಯರ ಸಂಬಳ ಹುಟ್ಟಿಸಬೇಕು ಎಂದು ಗಾಂಧೀಜಿ ಯೋಜನೆ ಮುಂದಿಟ್ಟರು. ಹಳ್ಳಿಹಳ್ಳಿಗೆ ಶಾಲೆ ತೆರೆಯಲು ಸರ್ಕಾರದ ಬಳಿ ಹಣವಿಲ್ಲದ ಕಾಲ ಅದು. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಗಾಂಧೀಜಿಯವರ ಭಕ್ತರು. ಅವರ ನಡುವೆ ಎದ್ದು ನಿಂತು ಜಾಕಿರ್ ಸಾಹೇಬರು ತಮ್ಮ ಅಭ್ಯಂತರ ಹೇಳಿದರು. ಕೆಲಸದ ಮೂಲಕ ಕಲಿಸುವ ಮಾತು ಹೊಸದಲ್ಲ, ಬೇರೆ ದೇಶಗಳಲ್ಲೂ ನಡೆದಿದೆ, ಅದು ಒಳ್ಳೆಯದು ಎಂದು ಮೊದಲು ಒಪ್ಪಿದರು. ಆದರೆ ಶಾಲೆ ತನ್ನ ಖರ್ಚನ್ನು ತಾನೇ ದುಡಿಯಬೇಕೆಂದರೆ ಉಪಾಧ್ಯಾಯರ ಕಣ್ಣು ಮಗುವಿನ ಮೇಲಿರುವುದಿಲ್ಲ, ಮಗು ಮಾಡುವ ಮಾಲಿನ ಮೇಲಿರುತ್ತದೆ, ಆಗ ಶಾಲೆ ಮಕ್ಕಳನ್ನು ದುಡಿಸಿಕೊಳ್ಳುವ ಜಾಗವಾಗುತ್ತದೆ ಎಂದು ಎಚ್ಚರಿಸಿದರು.

ಗಾಂಧೀಜಿ ಕೋಪಿಸಿಕೊಳ್ಳಲಿಲ್ಲ. ಯೋಜನೆಯನ್ನು ರೂಪಿಸುವ ಸಮಿತಿಗೆ ಆಕ್ಷೇಪಣೆ ಎತ್ತಿದವರೇ ಅಧ್ಯಕ್ಷರಾದರು. ವಿನೋಬಾ ಭಾವೆ, ಕಾಕಾ ಕಾಲೇಲ್ಕರ್, ಜೆ.ಸಿ. ಕುಮಾರಪ್ಪ, ಕೆ.ಜಿ. ಸಯ್ಯದೈನ್, ಆರ್ಯನಾಯಕಂ, ಆಶಾದೇವಿ ಮುಂತಾದವರು ಸದಸ್ಯರು. 1937ರ ಡಿಸೆಂಬರ್ 2ರಂದು, ಎಂದರೆ ಆರು ವಾರದೊಳಗೆ, ವರದಿ ಸಿದ್ಧವಾಯಿತು. 7ರಿಂದ 14 ವರ್ಷದವರೆಗೆ ಎಲ್ಲರಿಗೂ ಉಚಿತ, ಕಡ್ಡಾಯ ಶಿಕ್ಷಣ. ಪಾಠವೆಲ್ಲ ಮಾತೃಭಾಷೆಯಲ್ಲಿ. ನೂಲುವುದು ಮತ್ತು ನೇಯುವುದು, ಬಡಗಿ ಕೆಲಸ, ಬೇಸಾಯ, ಹಣ್ಣು ತರಕಾರಿ ಬೆಳೆಯುವುದು, ಚರ್ಮದ ಕೆಲಸ ಇವುಗಳಲ್ಲಿ ಒಂದು ಅಥವಾ ಆ ಊರಿಗೆ ಒಗ್ಗುವ ಬೇರೊಂದು ಕಸುಬು ಶಿಕ್ಷಣದ ನಡುಗಂಬ. ವೇಳಾಪಟ್ಟಿಯನ್ನೂ ಕೊಟ್ಟಿದ್ದಾರೆ. ದಿನದ ಐದೂವರೆ ಗಂಟೆಯಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40 ನಿಮಿಷ, ಗಣಿತ, ಸಂಗೀತ ಮತ್ತು ಚಿತ್ರಕಲೆಗೆ 40 ನಿಮಿಷ, ಸಮಾಜ ಮತ್ತು ವಿಜ್ಞಾನಕ್ಕೆ 30 ನಿಮಿಷ, ಉಳಿದದ್ದು ವ್ಯಾಯಾಮ ಮತ್ತು ವಿರಾಮ. ಉಪಾಧ್ಯಾಯರು ಹಣದ ಕಡೆಗೆ ವಾಲಿ ಮಕ್ಕಳಿಂದ ಹೆಚ್ಚು ದುಡಿಮೆ ತೆಗೆಯುವ ಅಪಾಯವಿದೆ ಎಂಬ ಎಚ್ಚರಿಕೆಯನ್ನು ವರದಿಯೊಳಗೇ ಸೇರಿಸಿದರು.

ಎಲ್ಲ ಕೆಲಸವೂ ಶಿಕ್ಷಣವಲ್ಲ ಎಂಬುದು ಅವರು ಮತ್ತೆ ಮತ್ತೆ ಹೇಳಿದ ಮಾತು. ಮೊದಲು ಏನು ಮಾಡಬೇಕು ಎಂದು ಯೋಚಿಸಬೇಕು. ಆಮೇಲೆ ಹೇಗೆ, ಯಾವ ಸಾಮಾನಿನಿಂದ ಎಂದು ಯೋಜನೆ ಹಾಕಬೇಕು. ಮೂರನೆಯದು ಮಾಡುವುದು. ಕೊನೆಯದು, ಮಾಡಿದ್ದು ಅಂದುಕೊಂಡಂತೆ ಬಂತೇ ಎಂದು ತಾನೇ ತೂಗಿ ನೋಡುವುದು. ಈ ನಾಲ್ಕೂ ಮಗುವಿನದೇ ಆಗಿದ್ದರೆ ಕೆಲಸ ಕಲಿಸುತ್ತದೆ. ಬೇರೆಯವರು ಯೋಚಿಸಿ, ಮಗುವಿನ ಕೈ ಮಾತ್ರ ಆಡಿದರೆ ಅದು ಬರೀ ದುಡಿತ.

ಇದನ್ನು ಓದಿದ ರಾತ್ರಿ ನನಗೆ ಚಾಚಾನ ಮಗ ನೆನಪಾದ. ಅವನು ದಿನಕ್ಕೆ ನೂರಾರು ಒಂದೇ ತರಹದ ಮಣಿ ತಿರುವುತ್ತಾನೆ. ಅಳತೆ ವ್ಯಾಪಾರಿಯದು, ಬಣ್ಣ ವ್ಯಾಪಾರಿಯದು, ಬೆಲೆಯೂ ವ್ಯಾಪಾರಿಯದು. ನಾಲ್ಕರಲ್ಲಿ ಮೂರನೆಯದು ಮಾತ್ರ ಅವನದು. ನನ್ನನ್ನೂ ನೆನೆದುಕೊಂಡೆ. ನಾನು ಓದುವುದೂ ಹಾಗೆಯೇ. ಪ್ರಶ್ನೆ ಇನ್ನೊಬ್ಬರದು, ಉತ್ತರ ಗೈಡಿನದು, ತೂಗಿ ನೋಡುವುದು ಮೌಲ್ಯಮಾಪಕರು. ನನ್ನದು ಬರೆಯುವ ಕೈ ಮಾತ್ರ. ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದಿದ್ದೇವೆ ಅಂದುಕೊಂಡಿದ್ದೆ. ಜಾಕಿರ್ ಸಾಹೇಬರ ಲೆಕ್ಕದಲ್ಲಿ ಇಬ್ಬರಿಗೂ ಸಿಕ್ಕಿದ್ದು ಅರ್ಧ ಶಾಲೆ.

1938ರಲ್ಲಿ ಕಾಂಗ್ರೆಸ್ಸು ಹರಿಪುರ ಅಧಿವೇಶನದಲ್ಲಿ ಈ ಶಿಕ್ಷಣ ನೀತಿಯನ್ನು ಒಪ್ಪಿತು. ಯೋಜನೆ ನಡೆಸಲು ಹಿಂದೂಸ್ತಾನಿ ತಾಲೀಮಿ ಸಂಘ ಹುಟ್ಟಿತು, ಅದಕ್ಕೂ ಅವರೇ ಅಧ್ಯಕ್ಷರು. ಅದೇ ವರ್ಷ ಜಾಮಿಯಾದಲ್ಲಿ ಉಪಾಧ್ಯಾಯರ ತರಬೇತಿ ಸಂಸ್ಥೆ ಶುರುವಾಯಿತು. ಆದರೆ ಇದು ಸುಲಭದ ದಿನಗಳಲ್ಲ. ಮುಸ್ಲಿಂ ಲೀಗ್ ಈ ಯೋಜನೆಯನ್ನು ಕಟುವಾಗಿ ವಿರೋಧಿಸಿತು. ಮುಸಲ್ಮಾನ ಮಕ್ಕಳ ಧರ್ಮ, ಭಾಷೆ ಅಳಿಸಲು ಮಾಡಿದ ಹುನ್ನಾರ ಎಂದು ಟೀಕೆಗಳು ಬಂದವು. ತಮ್ಮವರೇ ಆಡಿದ ಮಾತುಗಳನ್ನು ಕೇಳಿಯೂ ಅವರು ಜಾಮಿಯಾದ ಕೆಲಸ ಬಿಡಲಿಲ್ಲ.

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ. ದೆಹಲಿಯ ಸುತ್ತ ಗಲಭೆಯ ವಾತಾವರಣ. ಅಂಥ ಹೊತ್ತಿನಲ್ಲಿ ಒಂದೇ ವೇದಿಕೆಯ ಮೇಲೆ ನೆಹರೂ, ಜಿನ್ನಾ, ಮೌಲಾನಾ ಆಜಾದ್, ಲಿಯಾಖತ್ ಅಲಿ ಕುಳಿತಿದ್ದರು. ಜಾಕಿರ್ ಸಾಹೇಬರು ಕರೆದದ್ದಕ್ಕೆ ಎಲ್ಲರೂ ಬಂದಿದ್ದರು. ದೇಶಕ್ಕೆ ಹತ್ತಿರುವ ದ್ವೇಷದ ಬೆಂಕಿಯನ್ನು ಆರಿಸಿ, ಯಾರು ಹಚ್ಚಿದರೆಂದು ಆಮೇಲೆ ನೋಡೋಣ ಎಂಬ ಅರ್ಥದಲ್ಲಿ ಅವರು ನಾಯಕರನ್ನು ಬೇಡಿಕೊಂಡರು. ಬೆಂಕಿ ಆರಲಿಲ್ಲ. 1947ರ ಆಗಸ್ಟಿನಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಜಲಂಧರ್ ನಿಲ್ದಾಣದಲ್ಲಿ ಗುಂಪೊಂದು ಅವರನ್ನು ಇನ್ನೇನು ಕೊಲ್ಲುವುದರಲ್ಲಿತ್ತು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರ ಅವರ ಜೀವ ಉಳಿಸಿದರು. ಅವರ ತಮ್ಮ ಮಹಮೂದ್ ಹುಸೇನ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಮಂತ್ರಿಯಾದರು. ಇವರು ಇಲ್ಲೇ ಉಳಿದರು.

ಮುಂದಿನದನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. 1948ರಿಂದ 1956ರವರೆಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿ, 1957ರಿಂದ 1962ರವರೆಗೆ ಬಿಹಾರದ ರಾಜ್ಯಪಾಲ, ಆಮೇಲೆ ಉಪರಾಷ್ಟ್ರಪತಿ. 1963ರಲ್ಲಿ ಭಾರತರತ್ನ. 1967ರ ಮೇ 13ರಂದು ರಾಷ್ಟ್ರಪತಿ. ರಾಷ್ಟ್ರಪತಿ ಭವನದಲ್ಲೂ ಅವರ ಗುಲಾಬಿ ಹೂವಿನ ಹುಚ್ಚು ಮುಂದುವರಿಯಿತು. 1969ರ ಮೇ 3ರಂದು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜಾಮಿಯಾದ ಆವರಣದಲ್ಲೇ ಅವರನ್ನು ಮಣ್ಣು ಮಾಡಿದರು.

ಕೈಕಸುಬಿನ ಶಾಲೆಗಳ ಕಥೆ ಸಂತೋಷದಲ್ಲಿ ಮುಗಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸಾವಿರಾರು ಶಾಲೆಗಳಿಗೆ ಮೂಲಶಿಕ್ಷಣದ ಹೆಸರು ಬಂತು, ಮಕ್ಕಳ ಕೈಗೆ ತಕಲಿ ಬಂತು, ಆದರೆ ಯೋಚನೆ ಬರಲಿಲ್ಲ. ಹೆಸರು ಮಾತ್ರ ಉಳಿದದ್ದನ್ನು ಕಂಡು ಜಾಕಿರ್ ಸಾಹೇಬರೇ ಬಹಿರಂಗವಾಗಿ ಬೇಸರಪಟ್ಟರು. ತಂದೆ ತಾಯಂದಿರೂ ಮಕ್ಕಳನ್ನು ಗುಮಾಸ್ತೆಯ ಕೆಲಸಕ್ಕೆ ಒಯ್ಯುವ ಶಾಲೆಯನ್ನೇ ಬಯಸಿದರು. ಅವರನ್ನು ನಾನು ದೂರುವುದಿಲ್ಲ. ನಮ್ಮ ಅಬ್ಬಾ ಬಯಸುವುದೂ ಅದನ್ನೇ.

ವೇಳಾಪಟ್ಟಿಯನ್ನು ಅಬ್ಬಾಗೆ ಓದಿ ಹೇಳಿದೆ. ಶಾಲೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಬಡಗಿ ಕೆಲಸವೇ ಎಂದು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ, ಆ ಶಾಲೆಯಲ್ಲಿ ಕಲಿಸುವವರು ಯಾರು ಎಂದು ಕೇಳಿದರು. ಕಸುಬು ಬಲ್ಲವರು ಎಂದೆ. ಅವರು ಮಾತಾಡಲಿಲ್ಲ. ಆದರೆ ಮುಂದಿನ ಭಾನುವಾರ ಶೆಡ್ಡಿನಿಂದ ನನ್ನನ್ನು ಒಳಗೆ ಕಳಿಸಲಿಲ್ಲ. ಉಳಿ ಹಿಡಿಯುವುದನ್ನು ತೋರಿಸಿದರು. ನಾನು ಮೊದಲ ದಿನ ಕೆಡಿಸಿದ್ದು ಏಳು ತುಂಡು. ಎಂಟನೆಯದು ಬುಗುರಿಯ ಹಾಗೆ ಕಂಡಿತು, ತಿರುಗಲಿಲ್ಲ.

ಅದೇ ವಾರ ಚಾಚಾನ ಮಗನ ಜೊತೆ ಕುಳಿತು ಒಂದು ಡಜನ್ ಬುಗುರಿಯ ವೆಚ್ಚಪಟ್ಟಿ ಬರೆದೆವು. ಮರ, ಅರಗು, ಕರೆಂಟು, ಕೆಟ್ಟುಹೋದ ತುಂಡು. ವಿವರ ಅವನು ಹೇಳಿದ, ಖಾತೆ ನಾನು ಹಾಕಿದೆ. ಕೊನೆಯಲ್ಲಿ ಅವನೇ ಒಂದು ತಪ್ಪು ಹಿಡಿದ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ತಮ್ಮ ಸ್ವಂತ ಕೂಲಿಯನ್ನು ಖರ್ಚಿಗೆ ಸೇರಿಸಿಯೇ ಇಲ್ಲ. ಅದನ್ನು ಸೇರಿಸಿದರೆ, ನಾವು ಲಾಭವೆಂದು ತಿಳಿದಿದ್ದ ಹಣದಲ್ಲಿ ಹೆಚ್ಚಿನದು ಅಬ್ಬಾನ ಕೂಲಿಯೇ. ಎಂಟನೇ ತರಗತಿ ಓದಿದವನು ಹಿಡಿದ ತಪ್ಪು ಅದು. ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟು, ನಾನು ಹೇಳಿಕೊಡುತ್ತೇನೆ ಎಂದಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ.

ಮಾನ್ಯ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿಯಿದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಮನೆಗಳಲ್ಲೇ ಬೊಂಬೆ ಮಾಡುವವರು, ರೇಷ್ಮೆ ಬಿಚ್ಚುವವರು, ದರ್ಜಿಗಳು, ಬಡಗಿಗಳು ಇದ್ದಾರೆ. ಶನಿವಾರದ ಕೊನೆಯ ಒಂದು ಅವಧಿಯನ್ನು ಅವರಿಗೆ ಕೊಡಬಹುದೇ? ಮೂರು ಗಂಟೆ ಇಪ್ಪತ್ತು ನಿಮಿಷ ಬೇಡ, ನಲವತ್ತು ನಿಮಿಷ ಸಾಕು. ಅವರು ಉಪಾಧ್ಯಾಯರ ಕುರ್ಚಿಯಲ್ಲಿ ಕುಳಿತು ಹೇಳಿಕೊಡಲಿ, ನಾವು ಕಲಿಯೋಣ, ಅದರ ಲೆಕ್ಕವನ್ನು ವಾಣಿಜ್ಯ ವಿಭಾಗ ಬರೆಯಲಿ. ಒಪ್ಪಿಗೆ ಸಿಕ್ಕರೆ ಮೊದಲನೆಯ ಶನಿವಾರಕ್ಕೆ ಅಬ್ಬಾನನ್ನು ಕರೆತರುವ ಜವಾಬ್ದಾರಿ ನನ್ನದು.